ಟ್ರಾಲಿಯ ಕೊಂಡಿ

ಮೊದಲ ನೋವು ಬಂದದ್ದು ಒಬ್ಬಟ್ಟಿನ ಊಟದ ಮೇಲೆ.

ನನ್ನ ಮೈದುನ ಲಿಂಗರಾಜು ಕೆ.ಆರ್. ಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಅವನ ಮರಗೆಲಸ ಚೆನ್ನಾಗಿ ಕುದುರಿತ್ತು. ಗೃಹಪ್ರವೇಶಕ್ಕೆ ನಾವಿಬ್ಬರೂ ಹೋಗಿದ್ದೆವು. ನಮ್ಮ ಯಜಮಾನರು ಮಹದೇವಾಚಾರ್, ತಮ್ಮನ ಮನೆಯ ಪಂಕ್ತಿ ಎಂಬ ಖುಷಿಯಲ್ಲಿ ತುಪ್ಪ ಹಾಕಿಸಿಕೊಂಡು ಉಂಡರು. ವಾಪಸು ಪಾಂಡವಪುರಕ್ಕೆ ಬಸ್ಸಿನಲ್ಲಿ ಬರುವಾಗ ಬಲಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡರು. ಮುಖ ಬೆವೆತಿತ್ತು. ಏನಾಯಿತು ಎಂದೆ.

“ಗ್ಯಾಸು ಕಣೆ. ಓಯ್ತದೆ ಬುಡು.”

ಓಮದ ನೀರು ಕೊಟ್ಟೆ. ಒಂದಿಷ್ಟು ಹೊತ್ತಿಗೆ ಹೋಯಿತು. ವಾರದೊಳಗೆ ಮತ್ತೆ ಬಂತು. ಈ ಸಲ ಬಲಭುಜದವರೆಗೂ ಹರಿಯಿತು, ವಾಂತಿಯಾಯಿತು.

ನಾನು ಕ್ಯಾತನಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಇವರು ಅಕ್ಕಸಾಲಿ. ಪಾಂಡವಪುರದ ಪೇಟೆಯ ಒಂದು ಸಣ್ಣ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕಾಲು ಮಡಿಸಿ ಕೂತು ಕೆಲಸ ಮಾಡುವವರು. ದೊಡ್ಡ ಅಂಗಡಿಗಳು ಬಂದ ಮೇಲೂ ಇವರ ಹತ್ತಿರ ಜನ ಬರುತ್ತಿದ್ದದ್ದು ಹರಳು ಕೂರಿಸುವುದಕ್ಕೆ. ಅದರಲ್ಲಿ ಇವರ ಕೈ ಬಹಳ ಸೂಕ್ಷ್ಮ ಎಂದು ನಾಗಮಂಗಲದಿಂದಲೂ ಹುಡುಕಿಕೊಂಡು ಬರುವವರಿದ್ದರು.

ಸ್ಕ್ಯಾನಿಂಗ್‌ನಲ್ಲಿ ಗಾಲ್‌ಬ್ಲಾಡರ್ ತುಂಬ ಕಲ್ಲು ಎಂದು ಬಂತು. ಪಿತ್ತಕೋಶ ತೆಗೆಯಬೇಕು. ನಮ್ಮ ಭಾಗದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಸರ್ಜನ್ ಡಾಕ್ಟರ್ ಮುರಳೀಧರ ನಿಧಾನದ ಮನುಷ್ಯ. ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಲ್ಯಾಪರೊಸ್ಕೋಪಿ, ಸಣ್ಣ ತೂತುಗಳು, ಬೇಗ ಮನೆಗೆ ಹೋಗಬಹುದು ಎಂದರು. ಹಾಗೆಯೇ, ಕೆಲವರಿಗೆ ಪಿತ್ತರಸ ಸೋರಬಹುದು, ಸೋರಿದರೆ ಇನ್ನೊಂದು ಚಿಕಿತ್ಸೆ ಬೇಕಾಗುತ್ತದೆ ಎಂದೂ ಹೇಳಿದರು. ಹೇಳಿದ್ದು ನಿಜ. ನಾನೇ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದೆ. ಆದರೆ ಅಂಥ ಹೊತ್ತಿನಲ್ಲಿ ಕಿವಿ ತನಗೆ ಬೇಕಾದಷ್ಟನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ. ಬೇಗ ಮನೆಗೆ ಹೋಗಬಹುದು ಎಂಬುದೊಂದೇ ನನ್ನೊಳಗೆ ಉಳಿದದ್ದು.

ಆಪರೇಷನ್ ಆಯಿತು. ಮಾರನೆಯ ದಿನ ಎದ್ದು ಕೂತು ಗಂಜಿ ಕುಡಿದರು. ಅದರ ಮಾರನೆಯ ದಿನ ಬೆಳಿಗ್ಗೆ ಮೈ ಸುಡುತ್ತಿತ್ತು. ಹೊಟ್ಟೆ ಊದಿಕೊಂಡು ಬಿಗಿಯಾಗಿತ್ತು. ಮುಟ್ಟಿದರೆ ನರಳುತ್ತಿದ್ದರು.

ಡಾಕ್ಟರು ರೌಂಡ್ಸ್‌ಗೆ ಇನ್ನೂ ಹೊತ್ತಿದ್ದರೂ ನರ್ಸ್ ಫೋನು ಮಾಡಿದ ತಕ್ಷಣ ಬಂದರು. ಹೊಟ್ಟೆ ಮುಟ್ಟಿ ನೋಡಿದರು. ಅವರ ಮುಖ ಗಂಭೀರವಾಯಿತು. ಪಿತ್ತರಸ ಸೋರುತ್ತಿರುವ ಹಾಗೆ ಕಾಣುತ್ತದೆ, ಈಗಲೇ ಸ್ಕ್ಯಾನ್ ಆಗಬೇಕು, ಆಮೇಲೆ ಮೈಸೂರಿಗೆ ಕಳಿಸಬೇಕಾಗಬಹುದು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಹೇಳಿ ಮೈಸೂರಿನ ಆಸ್ಪತ್ರೆಯ ಜೊತೆ ಮಾತನಾಡಲು ಹೋದರು.

ವಾರ್ಡು ಮೊದಲ ಮಹಡಿಯಲ್ಲಿ, ಸ್ಕ್ಯಾನಿಂಗ್ ಕೆಳಗೆ. ಲಿಫ್ಟ್ ಇರಲಿಲ್ಲ. ಇಳಿಜಾರಿನ ದಾರಿಯಲ್ಲಿ ಟ್ರಾಲಿ ತಳ್ಳಿಕೊಂಡು ಇಳಿಯಬೇಕು. ಆಯಾ ಚಿಕ್ಕತಾಯಮ್ಮ ಒಬ್ಬಳೇ ಟ್ರಾಲಿ ತಂದಳು. ನಾವೆಲ್ಲ ಸೇರಿ ಇವರನ್ನು ಎತ್ತಿ ಮಲಗಿಸಿದೆವು. ಟ್ರಾಲಿಯ ಬಲಬದಿಯ ಕಂಬಿಯನ್ನು ಮೇಲೆತ್ತಿ, ಅದರ ಕೊಂಡಿಯ ಜಾಗಕ್ಕೆ ಬ್ಯಾಂಡೇಜು ಬಟ್ಟೆ ಸುತ್ತಿ ಗಂಟು ಹಾಕಿದಳು. ನಾನು ಅದನ್ನು ನೋಡಿದೆ. ಏನಕ್ಕೆ ಎಂದು ಕೇಳಲು ಹೊಳೆಯಲಿಲ್ಲ. ನನ್ನ ಕೈಗೆ ಗ್ಲೂಕೋಸ್ ಬಾಟಲಿ ಕೊಟ್ಟಿದ್ದರು. ಅದನ್ನು ಎತ್ತಿ ಹಿಡಿದುಕೊಂಡು ಎಡಗಡೆ ನಡೆಯುತ್ತಿದ್ದೆ.

ಇಳಿಜಾರಿನ ತಿರುವಿನಲ್ಲಿ ಟ್ರಾಲಿ ವಾಲಿತು. ನೋವಿಗೆ ಇವರು ಬಲಕ್ಕೆ ಹೊರಳಿದರು. ಗಂಟು ಬಿಚ್ಚಿಕೊಂಡಿತು. ಕಂಬಿ ಕೆಳಕ್ಕೆ ಜಾರಿತು.

ಬಿದ್ದುಬಿಟ್ಟರು.

ಬಲಗೈ ಮೈಕೆಳಗೆ ಸಿಕ್ಕಿತ್ತು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಚಿಕ್ಕತಾಯಮ್ಮ ಟ್ರಾಲಿಯ ಹಿಡಿ ಬಿಟ್ಟಿರಲಿಲ್ಲ. ಅದನ್ನು ಬಿಟ್ಟರೆ ಟ್ರಾಲಿ ಅವರ ಮೇಲೆಯೇ ಉರುಳುತ್ತಿತ್ತು.

ಆ ದಿನ ಮಧ್ಯಾಹ್ನದ ಹೊತ್ತಿಗೆ ನಾವು ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿದ್ದೆವು. ಹೊಟ್ಟೆಯಲ್ಲಿ ತುಂಬಿದ್ದ ಪಿತ್ತರಸ ಹೊರಗೆ ಬರಲು ಟ್ಯೂಬ್ ಹಾಕಿದರು. ಇ.ಆರ್.ಸಿ.ಪಿ. ಎಂದು ಮಾಡಿ, ಬಾಯಿಯ ದಾರಿಯಿಂದ ಪಿತ್ತನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟರು. ಕೈಗೆ ಆಗ ಬರಿ ಪಟ್ಟಿ ಕಟ್ಟಿದರು. ಹೊಟ್ಟೆಯ ಸೋಂಕು ಇಳಿಯುವ ತನಕ ಮೂಳೆಯ ಆಪರೇಷನ್‌ಗೆ ಅವರು ಒಪ್ಪಲಿಲ್ಲ. ಮೊದಲು ಪ್ರಾಣ, ಆಮೇಲೆ ಕೈ. ಅದು ಸರಿಯೇ. ಆದರೆ ಕಾಯುತ್ತಿದ್ದ ಆ ದಿನಗಳಲ್ಲಿ ಊದಿಕೊಂಡ ಮಣಿಕಟ್ಟಿನೊಳಗೆ ಒಂದು ನರ ನಲುಗಿತ್ತು.

ಹೊಟ್ಟೆ ವಾಸಿಯಾಯಿತು. ನಿಧಾನಕ್ಕೆ, ಆದರೆ ಪೂರ್ತಿ. ಸೋರುವುದು ನಿಂತಿತು, ಟ್ಯೂಬ್ ತೆಗೆದರು, ಕೆಲವು ವಾರದ ಮೇಲೆ ಸ್ಟೆಂಟ್ ಕೂಡ ತೆಗೆದರು. ಈಗ ಹೊಟ್ಟೆಯ ಮೇಲೆ ಉಳಿದಿರುವುದು ಸಣ್ಣ ಸಣ್ಣ ಗುರುತುಗಳು ಮಾತ್ರ.

ಕೈ ವಾಸಿಯಾಗಲಿಲ್ಲ. ಪ್ಲೇಟ್ ಹಾಕಿದರು, ಮೂಳೆ ಕೂಡಿತು. ಹೆಬ್ಬೆರಳು, ತೋರುಬೆರಳುಗಳ ತುದಿಗೆ ಸ್ಪರ್ಶ ಬರಲಿಲ್ಲ. ಮನೆಯಲ್ಲಿ ಅಂಗಿಯ ಗುಂಡಿ ಹಾಕುವುದು ನನ್ನ ಕೆಲಸವಾಯಿತು. ಅನ್ನ ಕಲಸಿ ಚಮಚ ಇಟ್ಟು ಶಾಲೆಗೆ ಹೋಗುತ್ತಿದ್ದೆ. ರಜೆ ಎಲ್ಲ ಮುಗಿದಿತ್ತು. ಬೆಳಿಗ್ಗೆ ಫಿಸಿಯೋಥೆರಪಿಯವರು ಹೇಳಿದಂತೆ ಬಿಸಿನೀರಿನಲ್ಲಿ ಕೈಯಿಟ್ಟು ಒಂದು ಸ್ಪಂಜನ್ನು ಹಿಸುಕುತ್ತಾ ಕೂರುತ್ತಿದ್ದರು. ಸಂಜೆ ನಾನು ಬಂದಾಗಲೂ ಹಿಸುಕುತ್ತಿದ್ದರು. ಒಂದು ದಿನ ಮೇಜಿನ ಮೇಲೆ ಚಿಮಟ ಇಟ್ಟುಕೊಂಡು ಒಂದು ಹರಳನ್ನು ಎತ್ತಲು ನೋಡಿದ್ದಾರೆ. ಹರಳು ಎಲ್ಲೋ ಚಿಮ್ಮಿ ಹೋಗಿದೆ. ನಾನು ಮನೆಗೆ ಬಂದಾಗ ಮಂಡಿಯೂರಿ ನೆಲ ಸವರುತ್ತಿದ್ದರು. ನಾನೂ ಬಗ್ಗಿ ಹುಡುಕಿದೆ. ಸಿಕ್ಕಿತು. ಕೊಟ್ಟೆ.

ಲಿಂಗರಾಜು ವಾರಕ್ಕೊಮ್ಮೆಯಾದರೂ ಬರುತ್ತಿದ್ದ. ಅಣ್ಣನ ಕೈಯನ್ನು ನೋಡುತ್ತಿದ್ದ, ಹಲ್ಲು ಕಚ್ಚುತ್ತಿದ್ದ. ಅವನ ಸಿಟ್ಟೆಲ್ಲ ಡಾಕ್ಟರ ಮೇಲೆ.

“ಸುಮ್ನೆ ಬುಡಬಾರ್ದು ಕಣತ್ಗೆ. ಕಲ್ಲು ತಗೀರಿ ಅಂತ ಕೊಟ್ರೆ ಹೊಟ್ಟೆ ತೂತು ಮಾಡ್ಬುಟ್ಟವ್ನೆ. ಅವ್ನು ನೆಟ್ಗೆ ಮಾಡಿದ್ರೆ ಅಣ್ಣ ಆ ಟ್ರಾಲಿ ಯಾಕ್ ಅತ್ತಬೇಕಾಗಿತ್ತು?”

ನನಗೂ ಆ ಡಾಕ್ಟರ ಮೇಲೆಯೇ ಸಿಟ್ಟಿತ್ತು. ಅವರು ಎರಡು ಸಲ ಮೈಸೂರಿಗೆ ಬಂದು ಇವರನ್ನು ನೋಡಿ ಹೋಗಿದ್ದರು. ಅವರ ಆ ಶಾಂತ ಮುಖ ಕಂಡರೆ ನನಗೆ ಮೈ ಉರಿಯುತ್ತಿತ್ತು. ದುಃಖಕ್ಕೆ ಒಂದು ಮುಖ ಬೇಕು. ಕೊಂಡಿಗೆ, ಬ್ಯಾಂಡೇಜು ಬಟ್ಟೆಗೆ, ಇಳಿಜಾರಿಗೆ ಮುಖವಿಲ್ಲ. ಡಾಕ್ಟರಿಗೆ ಇತ್ತು.

ಆಸ್ಪತ್ರೆಯ ಮ್ಯಾನೇಜರನ್ನು ಕೇಳಲು ಹೋದಾಗ ಅವರು ಕೂರಿಸಿ ಕಾಫಿ ತರಿಸಿದರು. ರೋಗಿ ನೋವಿನಲ್ಲಿ ತಾವೇ ಹೊರಳಿ ಬಿದ್ದರು, ಆಯಾಳ ಅಜಾಗರೂಕತೆಯೂ ಇದೆ, ಅವಳನ್ನು ಕೆಲಸದಿಂದ ತೆಗೆದಿದ್ದೇವೆ ಎಂದರು. ತೆಗೆದಿದ್ದೇವೆ ಎನ್ನುವಾಗ ನನಗೆ ಸಮಾಧಾನವಾಗುತ್ತದೆ ಎಂದು ಅವರು ನಂಬಿದ ಹಾಗೆ ಕಂಡಿತು.

ಯಾರೋ ಹೇಳಿ ನಾವು ಶ್ರೀರಂಗಪಟ್ಟಣದ ವಕೀಲೆ ನಸೀಮಾ ಮೇಡಂ ಹತ್ತಿರ ಹೋದೆವು. ಕೋರ್ಟಿನ ಹತ್ತಿರ ಹೆಂಚಿನ ಮನೆಯ ಮುಂಭಾಗದಲ್ಲಿ ಅವರ ಆಫೀಸು. ಇವರು, ನಾನು, ಲಿಂಗರಾಜು ಮೂವರೂ ಕೂತೆವು. ಲಿಂಗರಾಜುವೇ ಎಲ್ಲ ಹೇಳಿದ. ಮೇಡಂ ಬರೆದುಕೊಳ್ಳುತ್ತಾ ಹೋದರು. ಮುಗಿದ ಮೇಲೆ ಇವರ ಕಡೆ ತಿರುಗಿ, ಕೈಯನ್ನು ಮೇಜಿನ ಮೇಲೆ ಇಡಿ ನೋಡೋಣ ಎಂದರು. ನೋಡಿದರು.

“ನಿಮಗೆ ಎರಡು ಆಗಿದೆ ಆಚಾರ್ರೇ,” ಎಂದರು. “ಎರಡನ್ನೂ ಒಂದೇ ಗಂಟು ಕಟ್ಟಬೇಡಿ.”

ಎರಡೂ ಆಸ್ಪತ್ರೆಯೊಳಗೇ ಆದದ್ದಲ್ಲವೇ ಎಂದ ಲಿಂಗರಾಜು. ಆಸ್ಪತ್ರೆಯೊಳಗೆ ಆದದ್ದೆಲ್ಲ ವೈದ್ಯದ ತಪ್ಪಲ್ಲ ಎಂದು ಮೇಡಂ ಬಿಡಿಸಿ ಹೇಳಿದರು. ಪಿತ್ತರಸ ಸೋರಿದ್ದು ಒಂದು. ಅಲ್ಲಿ ಕೇಳಬೇಕಾದ ಪ್ರಶ್ನೆ, ಅದೇ ಓದು ಓದಿದ ಇನ್ನೊಬ್ಬ ಸರ್ಜನ್ ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದರು, ಡಾಕ್ಟರ್ ಮುರಳೀಧರ ಅದಕ್ಕಿಂತ ಕಡಿಮೆ ಮಾಡಿದರೇ ಎಂಬುದು. ಕೆಟ್ಟದ್ದಾಯಿತು ಎಂದ ಮಾತ್ರಕ್ಕೆ ತಪ್ಪು ಮಾಡಿದರು ಎಂದಾಗುವುದಿಲ್ಲ. ಅದನ್ನು ವಕೀಲರು ಹೇಳಲಾರರು, ದೂರು ಕೇಳುವ ಗ್ರಾಹಕರ ಆಯೋಗದವರೂ ತಾವಾಗಿ ಹೇಳಲಾರರು. ಇನ್ನೊಬ್ಬ ತಜ್ಞರೇ ನೋಡಿ ಹೇಳಬೇಕು. ಟ್ರಾಲಿಯಿಂದ ಬಿದ್ದದ್ದು ಇನ್ನೊಂದು. ಅದಕ್ಕೆ ಯಾವ ಓದೂ ಬೇಡ.

“ಬಾಗಿಲು ಮುರಿದ ಬಸ್ಸಿಗೆ ಹಗ್ಗ ಕಟ್ಟಿ ಜನರನ್ನು ತುಂಬಿ ಓಡಿಸಿದರೆ ಅದು ತಪ್ಪು ಅಂತ ಹೇಳೋದಕ್ಕೆ ಎಂಜಿನಿಯರ್ ಬೇಕಾ? ಇದೂ ಹಾಗೇ.”

ನನಗೆ ಒಂದು ಅನುಮಾನ ಉಳಿದಿತ್ತು. ಅಷ್ಟು ನರಳುತ್ತಿದ್ದವರನ್ನು ಸ್ಕ್ಯಾನಿಂಗ್‌ಗೆ ಕಳಿಸಿದ್ದೇ ತಪ್ಪಲ್ಲವೇ ಎಂದು ಕೇಳಿದೆ. ಕಳಿಸಬೇಕೋ ಬೇಡವೋ ಎಂಬುದು ಡಾಕ್ಟರ ತೀರ್ಮಾನ, ಅದು ಮೊದಲನೆಯ ಗಂಟಿಗೆ ಸೇರುತ್ತದೆ. ಹೇಗೆ ಕರೆದುಕೊಂಡು ಹೋದರು, ಎಂಥ ಟ್ರಾಲಿಯಲ್ಲಿ, ಎಷ್ಟು ಜನ ಹಿಡಿದಿದ್ದರು ಎಂಬುದು ಎರಡನೆಯದು. ಎರಡರ ನಡುವಿನ ಗೆರೆ ಅಲ್ಲಿದೆ ಎಂದರು ಮೇಡಂ.

ಲಿಂಗರಾಜು ಒಪ್ಪಲಿಲ್ಲ. ಡಾಕ್ಟರ ಹೆಸರನ್ನೂ ಸೇರಿಸಿದರೆ ಆಸ್ಪತ್ರೆಯವರು ಹೆದರಿ ಬೇಗ ದಾರಿಗೆ ಬರುತ್ತಾರೆ ಎಂಬುದು ಅವನ ಲೆಕ್ಕ. ಮೇಡಂ ಸಿಟ್ಟಾಗಲಿಲ್ಲ. ಸೇರಿಸಬಹುದು, ಆದರೆ ಅದಕ್ಕೆ ಆಧಾರ ಬೇಕು. ಆಧಾರವಿಲ್ಲದ ಮಾತು ಸೇರಿಸಿದರೆ ಅದರ ಜೊತೆ ನಿಜವಾದ ಮಾತೂ ಮುಳುಗುತ್ತದೆ. ಮೊದಲು ತಜ್ಞರಿಗೆ ತೋರಿಸಿ ಎಂದರು.

ಬೇರೆ ಊರಿನ, ನಮಗೆ ಯಾವ ಸಂಬಂಧವೂ ಇಲ್ಲದ ಒಬ್ಬ ಹಿರಿಯ ಸರ್ಜನ್ ಕಾಗದಗಳನ್ನೂ ಸ್ಕ್ಯಾನ್‌ಗಳನ್ನೂ ಪೂರ್ತಿ ನೋಡಿದರು. ಇದು ಗೊತ್ತಿರುವ ತೊಡಕು, ಎಚ್ಚರವಾಗಿ ಮಾಡಿದರೂ ಕೆಲವರಲ್ಲಿ ಆಗುತ್ತದೆ. ಮೊದಲೇ ತಿಳಿಸಿದ್ದಾರೆ, ಬೇಗ ಗುರುತಿಸಿದ್ದಾರೆ, ತಡ ಮಾಡದೆ ಕಳಿಸಿದ್ದಾರೆ. ನಾನಿದ್ದರೂ ಇದನ್ನೇ ಮಾಡುತ್ತಿದ್ದೆ ಎಂದರು. ಅವರು ಹೇಳುವಾಗ ನನಗೆ ಸಂತೋಷವಾಗಲಿಲ್ಲ. ನಿಜ ಹೇಳಬೇಕೆಂದರೆ ನಿರಾಸೆಯಾಯಿತು. ಸಿಟ್ಟನ್ನು ಇಡಲು ಇದ್ದ ಒಂದು ಜಾಗವನ್ನು ಯಾರೋ ತೆಗೆದುಕೊಂಡ ಹಾಗಾಯಿತು.

ಹೊರಗೆ ಬಂದ ಮೇಲೆ ಲಿಂಗರಾಜು ಡಾಕ್ಟರನ್ನ ಡಾಕ್ಟರು ಬಿಟ್ಟುಕೊಡಲ್ಲ ಎಂದು ಗೊಣಗಿದ. ಅಲ್ಲಿಯ ತನಕ ಎಲ್ಲ ಕಡೆ ಸುಮ್ಮನೆ ಕೂತಿದ್ದ ನಮ್ಮ ಯಜಮಾನರು ಆಗ ಬಾಯಿ ಬಿಟ್ಟರು.

“ಲೇ ಲಿಂಗ, ನಾನೂ ಕೈಕೆಲ್ಸದೋನೆ ಕಣ್ಲಾ. ಎಷ್ಟು ನಾಜೂಕಾಗಿ ಕೂರ್ಸುದ್ರೂ ಒಂದೊಂದ್ ದಪ ಹರಳು ಬಿರುಕು ಬುಡ್ತದೆ. ಬಿರುಕು ಬುಟ್ಟದ್ದ ಗಿರಾಕಿ ಕಣ್ಣಿಗೆ ಮರೆ ಮಾಡುದ್ರೆ ತಪ್ಪು. ಆ ಡಾಕ್ಟ್ರು ಮರೆ ಮಾಡ್ಲಿಲ್ಲ. ಅವ್ರ ಹೆಸ್ರು ಬ್ಯಾಡ.”

ಲಿಂಗರಾಜು ಅಣ್ಣನ ಚೀಲವನ್ನು ತಾನು ತೆಗೆದುಕೊಂಡು ಬಸ್‌ಸ್ಟಾಂಡಿನ ಕಡೆ ನಡೆದ.

ಚಿಕ್ಕತಾಯಮ್ಮನನ್ನು ಹುಡುಕಿಕೊಂಡು ಹೋದವಳು ನಾನು. ತೊಣ್ಣೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅವಳ ಮನೆ. ನನ್ನನ್ನು ಕಂಡವಳೇ ಕೈ ಮುಗಿದು ನಿಂತಳು. ಬೈಯಲು ಬಂದಿದ್ದೇನೆ ಎಂದುಕೊಂಡಿದ್ದಳು. ನಾನು ಜಗಲಿಯ ಮೇಲೆ ಕೂತೆ. ನೀರು ಕೊಡು ಎಂದೆ. ನೀರು ತಂದುಕೊಟ್ಟು ಬಾಗಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತಳು.

ಕೊಂಡಿ ಮುರಿದು ಬಹಳ ಕಾಲವಾಗಿತ್ತಂತೆ. ನರ್ಸುಗಳಿಗೂ ಗೊತ್ತು, ಮ್ಯಾನೇಜರಿಗೂ ಗೊತ್ತು. ಹೊಸದು ಬರುತ್ತೆ, ಅಲ್ಲೀವರೆಗೂ ಸುಧಾರಿಸಿಕೊಂಡು ಹೋಗು ಎಂದಿದ್ದರಂತೆ. ಟ್ರಾಲಿಗೆ ಇಬ್ಬರು ಇರಬೇಕು ಎಂಬ ಪದ್ಧತಿ ಇತ್ತು, ಇನ್ನೊಬ್ಬ ಆಯಾ ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಬಟ್ಟೆ ಕಟ್ಟುವ ಉಪಾಯ ಅವಳದೇ.

“ನಾನ್ ಕಟ್ದ ಗಂಟೇ ಬಿಚ್ಚೋಯ್ತು ಕಣ್ರವ್ವ,” ಎಂದಳು. “ಅದ ನೆನುಸ್ಕಂಡ್ರೆ ತುತ್ತು ಗಂಟ್ಲಲ್ಲಿ ಇಳಿಯಕ್ಕಿಲ್ಲ.”

ನಾನೂ ಆ ಗಂಟನ್ನು ನೋಡಿದ್ದೆ, ನಾನೂ ಏನೂ ಕೇಳಲಿಲ್ಲ ಎಂದು ಅವಳಿಗೆ ಹೇಳಿದೆ. ದೂರು ಕೊಡುವುದು ಆಸ್ಪತ್ರೆಯ ಮೇಲೆ, ನಿನ್ನ ಮೇಲಲ್ಲ ಎಂದೂ ಹೇಳಿದೆ. ಇದನ್ನೆಲ್ಲ ಪ್ರಮಾಣ ಮಾಡಿ ಬರೆದುಕೊಡುತ್ತೀಯಾ ಎಂದು ಕೇಳಿದಾಗ ಹೆದರಿದಳು. ಬೇರೆ ಆಸ್ಪತ್ರೆಯಲ್ಲಿ ಕೆಲಸ ಹುಡುಕುತ್ತಿದ್ದಾಳೆ, ಇಂಥವಳು ಎಂದು ಗೊತ್ತಾದರೆ ಯಾರು ಸೇರಿಸಿಕೊಳ್ಳುತ್ತಾರೆ? ಆ ಭಯ ಸುಳ್ಳಲ್ಲ. ನಾನು ಒತ್ತಾಯ ಮಾಡಲಿಲ್ಲ, ಎದ್ದು ಬಂದೆ. ಕೆಲವು ದಿನಗಳಾದ ಮೇಲೆ ಅವಳೇ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದಳು. ಎಲ್ಲಿ ಸೈನು ಮಾಡಬೇಕು ಎಂದು ಕೇಳಿದಳು.

ಡಾಕ್ಟರ್ ಮುರಳೀಧರ ಅವರ ಹತ್ತಿರವೂ ಹೋಗಿದ್ದೆವು. ಟ್ರಾಲಿಯ ವಿಷಯ ಅವರಿಗೆ ಗೊತ್ತಿತ್ತೇ ಎಂದು ಕೇಳಿದೆವು. ಅವರು ಕನ್ನಡಕ ತೆಗೆದು ಒರೆಸಿದರು. ಅವರೂ ಅಲ್ಲಿ ಸಂಬಳಕ್ಕಿರುವವರು.

“ಅವರು ನನ್ನ ಪೇಷೆಂಟು. ಹಾಗೆ ಬೀಳಬಾರದಿತ್ತು,” ಎಂದರು. “ನಾನಾಗಿ ಮುಂದೆ ಬರಲಾರೆ. ಆದರೆ ನನ್ನನ್ನು ಕೇಳಿದರೆ ಸುಳ್ಳು ಹೇಳೋದಿಲ್ಲ.”

ಅಷ್ಟೇ ಹೇಳಿದರು. ಅದಕ್ಕಿಂತ ಹೆಚ್ಚು ಬೇಕಾಗಿತ್ತು ಎಂದು ಆಗ ಅನ್ನಿಸಿತು. ಈಗ, ಅಷ್ಟು ಹೇಳುವುದಕ್ಕೂ ಅವರು ಏನನ್ನೋ ನುಂಗಿಕೊಂಡಿರಬೇಕು ಎನ್ನಿಸುತ್ತದೆ.

ಮಂಡ್ಯದ ಗ್ರಾಹಕರ ಆಯೋಗದಲ್ಲಿ ದೂರು ನಡೆಯಿತು. ಆ ಹಿರಿಯ ಸರ್ಜನ್ ಹೇಳಿದ್ದನ್ನೂ ಮೇಡಂ ಮುಚ್ಚಿಡದೆ ದೂರಿನಲ್ಲಿ ಬರೆದಿದ್ದರು. ಆಸ್ಪತ್ರೆಯ ವಕೀಲರು ಬುದ್ಧಿವಂತರು. ನಾವು ಬೇರೆ ಮಾಡಿದ ಗಂಟುಗಳನ್ನು ಅವರು ಮತ್ತೆ ಒಂದು ಮಾಡಲು ನೋಡಿದರು. ರೋಗಿ ಹೊರಳಿದ್ದು ಆಪರೇಷನ್ ನಂತರದ ತೊಡಕಿನ ನೋವಿನಿಂದ, ಹಾಗಾಗಿ ಇದೆಲ್ಲ ವೈದ್ಯಕೀಯ ವಿಷಯ, ವೈದ್ಯಕೀಯ ನಿರ್ಲಕ್ಷ್ಯ ಎನ್ನುವುದಾದರೆ ತಜ್ಞರ ಅಭಿಪ್ರಾಯ ಎಲ್ಲಿದೆ, ದೂರುದಾರರೇ ಕಾಗದ ತೋರಿಸಿದ ತಜ್ಞರು ತಪ್ಪಿಲ್ಲ ಎಂದಿದ್ದಾರಲ್ಲ, ದೂರು ವಜಾ ಮಾಡಬೇಕು ಎಂದು ವಾದಿಸಿದರು. ಡಾಕ್ಟರನ್ನು ದೂರಿನಿಂದ ಹೊರಗಿಟ್ಟ ನಮ್ಮ ಒಳ್ಳೆಯತನವೇ ನಮಗೆ ಮುಳುವಾಯಿತೇ ಎಂದುಕೊಂಡೆ. ಪಕ್ಕದಲ್ಲಿ ಲಿಂಗರಾಜು ಕೂತಿದ್ದ. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಬಹುದಿತ್ತು.

ನಸೀಮಾ ಮೇಡಂ ಎದ್ದು, ತಜ್ಞರು ತಪ್ಪಿಲ್ಲ ಎಂದದ್ದು ಆಪರೇಷನ್ನಿನ ಬಗ್ಗೆ, ನಾವು ಅದರ ಬಗ್ಗೆ ಒಂದು ಅಕ್ಷರವೂ ದೂರಿಲ್ಲ ಎಂದರು. ನೋವಿನಲ್ಲಿರುವವರು ಹೊರಳುತ್ತಾರೆ ಎಂದೇ ಟ್ರಾಲಿಗೆ ಕಂಬಿ ಇಟ್ಟಿರುವುದು. ಆ ಕಂಬಿಯ ಕೊಂಡಿ ಮುರಿದಿದೆ ಎಂದು ಗೊತ್ತಿದ್ದೂ ಬಟ್ಟೆ ಕಟ್ಟಿ ಓಡಿಸಿದರು. ಇದನ್ನು ಹೇಳಲು ಯಾವ ಡಾಕ್ಟರೂ ಬೇಡ ಎಂದರು.

ಆಯೋಗದ ಅಧ್ಯಕ್ಷರು ಕಾಗದದಿಂದ ತಲೆಯೆತ್ತಿ ನೇರವಾಗಿ ಇವರನ್ನೇ ಕೇಳಿದರು. ಆಪರೇಷನ್ ಮಾಡಿದ ಡಾಕ್ಟರ ಮೇಲೆ ನಿಮ್ಮ ದೂರು ಏನಾದರೂ ಇದೆಯೇ ಎಂದು.

ಇವರು ಎದ್ದು ನಿಂತರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

“ಇಲ್ಲ ಸ್ವಾಮಿ. ಅವ್ರು ಕೆಲ್ಸ ಮಾಡೋವಾಗ ನನ್ ಮ್ಯಾಲೆ ಅವ್ರ ಕಣ್ಣಿತ್ತು, ಆದ್ರೂ ಅಂಗಾಯ್ತು. ಟ್ರಾಲಿ ಮ್ಯಾಲೆ ಮನಗಿದ್ದಾಗ ಯಾರ್ ಕಣ್ಣೂ ನನ್ ಮ್ಯಾಲೆ ಇರ್ನಿಲ್ಲ.”

ಆದೇಶ ಬಂದು ಇನ್ನೂ ಹೆಚ್ಚು ದಿನವಾಗಿಲ್ಲ. ರೋಗಿಯನ್ನು ಸುರಕ್ಷಿತವಾಗಿ ಕರೆದೊಯ್ಯುವುದು ಆಸ್ಪತ್ರೆಯ ಹೊಣೆ, ಮುರಿದ ಟ್ರಾಲಿ ಬಳಸಿದ್ದು ಸೇವೆಯಲ್ಲಿನ ಲೋಪ, ಇದಕ್ಕೆ ತಜ್ಞರ ಅಭಿಪ್ರಾಯ ಬೇಕಿಲ್ಲ ಎಂದಿದ್ದಾರೆ. ಪರಿಹಾರ ಕೊಡಬೇಕು ಎಂದಿದ್ದಾರೆ. ಆಸ್ಪತ್ರೆಯವರು ಮೇಲಿನ ಆಯೋಗಕ್ಕೆ ಹೋಗಬಹುದು, ಹೋಗದೆಯೂ ಇರಬಹುದು. ಚಿಕ್ಕತಾಯಮ್ಮನಿಗೆ ಶ್ರೀರಂಗಪಟ್ಟಣದಲ್ಲಿ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ, ನಸೀಮಾ ಮೇಡಂ ಮಾತನಾಡಿ ಕೊಡಿಸಿದ್ದು.

ಗೆದ್ದೆವು ಎಂದು ನನಗೆ ಅನ್ನಿಸಲಿಲ್ಲ. ಒಂದೇ ದೇಹದ ಮೇಲೆ ಒಂದೇ ವಾರದಲ್ಲಿ ಎರಡು ಕೇಡು ಬಂದವು. ಪ್ರಾಣಕ್ಕೆ ಬಂದದ್ದು ಗುಣವಾಯಿತು. ಒಂದು ಸಣ್ಣ ಕಬ್ಬಿಣದ ಕೊಂಡಿ ತಂದು ಹಾಕಿದ್ದರೆ ತಪ್ಪುತ್ತಿದ್ದದ್ದು ಗುಣವಾಗಲಿಲ್ಲ. ಆದರೂ ಯಾವುದು ಯಾರಿಂದ ಆಯಿತು ಎಂದು ಸರಿಯಾಗಿ ತಿಳಿದ ಮೇಲೆ ಎದೆಯ ಭಾರ ಒಂದಿಷ್ಟು ಇಳಿಯಿತು. ಈಗ ಚೆಕಪ್ಪಿಗೆ ಡಾಕ್ಟರ್ ಮುರಳೀಧರ ಅವರಲ್ಲಿಗೇ ಹೋಗುತ್ತೇವೆ. ಅವರು ಬೇರೆ ಕಡೆ ಸ್ವಂತ ಕ್ಲಿನಿಕ್ ಇಟ್ಟಿದ್ದಾರೆ. ಅವರ ಮುಖ ನೋಡಿದರೆ ನನಗೆ ಈಗ ಏನೂ ಆಗುವುದಿಲ್ಲ.

ಹೋದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಂಗಡಿಗೆ ಹೋದೆ. ಒಬ್ಬ ಹೆಂಗಸು ಹರಳು ಬಿದ್ದ ಮೂಗುಬೊಟ್ಟು ತಂದಿದ್ದಳು. ನೀವೇ ಕೂರಿಸಬೇಕು, ನಮ್ಮತ್ತೆ ಕಾಲದಿಂದ ಇಲ್ಲೇ ಮಾಡಿಸುವುದು ಎನ್ನುತ್ತಿದ್ದಳು. ಮೊದಮೊದಲು ಇಂಥವರು ಬಂದರೆ ಇವರು ಏನಾದರೂ ನೆಪ ಹೇಳಿ ಕಳಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

“ಇದು ನನ್ ಕೈಲಿ ಆಗಕ್ಕಿಲ್ಲ ಕಣವ್ವ,” ಎಂದರು. “ಬೆರಳು ಸ್ವಾಧೀನ ಇಲ್ಲ. ಮುಂದ್ಗಡೆ ಸಾಲಲ್ಲಿ ನಮ್ಮೋನೊಬ್ಬ ಅವ್ನೆ, ನಾನೇ ಕಲಿಸಿದ್ದು, ಚೆನ್ನಾಗ್ ಕೂರುಸ್ತಾನೆ. ನಿನ್ ಕಾಲುಂಗ್ರ ಸಡ್ಲ ಆಗ್ಬುಟ್ಟದೆ ನೋಡು. ಅದ ಕೊಡು, ನಾನ್ ಮಾಡ್ಕೊಡ್ತೀನಿ.”

ಆಕೆ ಬಗ್ಗಿ ಕಾಲುಂಗುರ ತೆಗೆದುಕೊಟ್ಟಳು. ಇವರು ಅದನ್ನು ಎಡಗೈಗೆ, ಇಕ್ಕಳವನ್ನು ಬಲಗೈಗೆ ತೆಗೆದುಕೊಂಡರು. ಬಲಗೈಯ ಹೆಬ್ಬೆರಳು ಇಕ್ಕಳದ ಮೇಲೆ ಎಲ್ಲಿ ಕೂತಿದೆ ಎಂದು ಅವರಿಗೆ ತಾನಾಗಿ ತಿಳಿಯುವುದಿಲ್ಲ, ಕಣ್ಣಿನಿಂದ ನೋಡಿಯೇ ಇಡಬೇಕು. ತಲೆ ಬಗ್ಗಿಸಿ ನೋಡಿದರು. ಬೆರಳನ್ನು ಅದರ ಜಾಗದಲ್ಲಿ ಇಟ್ಟರು. ಒತ್ತಿದರು.